ಪಲ್ಟನ್ ಬಿಟ್ಟು ಬಂದ ಮಲ್ಲುಗೆ

ದೋಸ್ತ ಮಲ್ಲು,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಗಂಡಸು, ಅದರಲ್ಲೂ ಫೌಜಿ, ನರ್ಸಿಂಗ್ ಓದಿದ್ರೆ ಊರಲ್ಲಿ ನಗ್ತಾರಾ ಅಂತ ಕೇಳಿದ್ದೀಯ. ನಗ್ತಾರೆ. ಸ್ವಲ್ಪ ದಿನ ನಗ್ತಾರೆ, ಆಮೇಲೆ ಅವರಪ್ಪನಿಗೆ ಶುಗರ್ ಜಾಸ್ತಿಯಾದಾಗ ನಿನಗೇ ಫೋನ್ ಮಾಡ್ತಾರೆ. ಅದನ್ನು ಬಿಡು, ನೀನು ಯೋಚನೆ ಮಾಡಬೇಕಾದ್ದು ವಯಸ್ಸಿನ ಬಗ್ಗೆ.

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಸೇರಲು 35 ದಾಟಿರಬಾರದು. 18ಕ್ಕೆ ಭರ್ತಿಯಾಗಿ, ಪೆನ್ಷನ್‌ಗೆ ಬೇಕಾದ 15 ವರ್ಷ ಮುಗಿಸಿ ಬಂದ ನಿನಗೆ ಈಗ 33. ಮೊದಲು ಮನೆ ಕಟ್ಟಿಸ್ತೀನಿ, ಆಮೇಲೆ ನೋಡೋಣ ಅಂದರೆ ಆಮೇಲೆ ನೋಡಲು ಏನೂ ಉಳಿದಿರುವುದಿಲ್ಲ. ಈ ವರ್ಷವೇ ಅರ್ಜಿ ಹಾಕು.

ಬಿಎಸ್ಸಿ ನರ್ಸಿಂಗ್ ಆಸೆ ಸದ್ಯಕ್ಕೆ ಬೇಡ. ಅದಕ್ಕೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಬೇಕು. ನೀನು ಆರ್ಟ್ಸ್. ಜಿಎನ್‌ಎಂಗೆ ಆರ್ಟ್ಸ್ ಆದರೂ ನಡೆಯುತ್ತದೆ, ಒಟ್ಟಾರೆ 40 ಪರ್ಸೆಂಟ್, ಇಂಗ್ಲಿಷಿನಲ್ಲೂ 40 ಇರಬೇಕು. ಮೂರು ವರ್ಷದ ಕೋರ್ಸ್. ಮುಗಿದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಇದ್ದೇ ಇದೆ.

ಬ್ಯಾಟಲ್‌ಫೀಲ್ಡ್ ನರ್ಸಿಂಗ್ ಅಸಿಸ್ಟೆಂಟ್ ಟ್ರೇನಿಂಗ್ ಆಗಿದೆ, ಏನಾದರೂ ರಿಯಾಯ್ತಿ ಸಿಗಬಹುದಲ್ವಾ ಅಂದೆ. ಸಿಗುವುದಿಲ್ಲ. ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲು ಆ ಸರ್ಟಿಫಿಕೇಟ್ ಲೆಕ್ಕಕ್ಕಿಲ್ಲ. ನೀನೂ 17-18ರ ಹುಡುಗ ಹುಡುಗಿಯರ ಜೊತೆ ನಿಂತು ಹಾಸಿಗೆ ಹಾಸುವುದರಿಂದಲೇ ಶುರು ಮಾಡಬೇಕು. ನಿನಗಿಂತ ಚಿಕ್ಕ ಮೇಡಂ ಬೈದರೆ ಸುಮ್ನೆ ಕೇಳಿಸಿಕೊಳ್ಳಬೇಕು. ಅದು ನಿನಗೆ ರೂಢಿ ಇದೆ ಬಿಡು.

ರಕ್ತ ನೋಡಿ ನಿನಗೆ ತಲೆ ತಿರುಗುವುದಿಲ್ಲ. ನಿನ್ನ ಕಷ್ಟ ಬೇರೆ. ಪಲ್ಟನ್‌ನಲ್ಲಿ ನೀನು ರಕ್ತ ನಿಲ್ಲಿಸುವ ಪಟ್ಟಿ, ಟೂರ್ನಿಕೆ ಬಿಗಿದೆ, ಟೈಮ್ ಬರೆದೆ, ಸ್ಟ್ರೆಚರ್ ಎತ್ತಿ ಕಳಿಸಿದೆ. ಅವನು ಆಮೇಲೆ ಏನಾದ ಅಂತ ಎಷ್ಟೋ ಸಲ ಗೊತ್ತೇ ಆಗಲಿಲ್ಲ ಅಂತ ನೀನೇ ಹೇಳಿದ್ದೆ. ನಮ್ಮ ಕೆಲಸ ಶುರುವಾಗುವುದೇ ಆ ಆಮೇಲೆಯಿಂದ. ಈಗ ನನ್ನ ವಾರ್ಡಿನಲ್ಲಿ ಲಕ್ವಾ ಹೊಡೆದ ಒಬ್ಬ ಅಜ್ಜ ಇದ್ದಾನೆ. ಎರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು. ಇಬ್ಬರು ಆಚೆ ಈಚೆ ನಿಂತು ಬೆಡ್‌ಶೀಟ್ ಹಿಡಿದು ಹೊರಳಿಸುತ್ತೇವೆ. ಬೆನ್ನಿಗೊಂದು ದಿಂಬು, ಮೊಣಕಾಲುಗಳ ನಡುವೆ ಒಂದು. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಗಾಗಿದೆಯಾ ಅಂತ ಟಾರ್ಚ್ ಹಾಕಿ ನೋಡುತ್ತೇವೆ. ಬೆರಳಿಂದ ಒತ್ತಿದಾಗಲೂ ಆ ಕೆಂಪು ಮಾಸದಿದ್ದರೆ ಹುಣ್ಣಿನ ಶುರು ಅಂತ ಅರ್ಥ. ಚಾರ್ಟಿನಲ್ಲಿ ಟೈಮ್, ಯಾವ ಮಗ್ಗುಲು, ಸಹಿ. ಎರಡು ಗಂಟೆ ಬಿಟ್ಟು ಮತ್ತೆ ಅದೇ. ಹುಣ್ಣಾದರೆ ಎಲ್ಲರೂ ಕೇಳುತ್ತಾರೆ, ಆಗದಿದ್ದರೆ ಯಾರೂ ಭೇಷ್ ಅನ್ನುವುದಿಲ್ಲ. ರಾತ್ರಿಯೆಲ್ಲ ಸೆಂಟ್ರಿ ನಿಂತವನಿಗೆ ಇದು ಒಗ್ಗುತ್ತದೆ ಅಂತ ನನಗನಿಸುತ್ತದೆ. ನೀನು ಯೋಚಿಸು.

ಇಂಗ್ಲಿಷ್ ಮಾತ್ರ ಕಾಡುತ್ತದೆ. ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷ್. ನಾನೂ ಕನ್ನಡ ಮೀಡಿಯಂ, ಅನಾಟಮಿ ಪುಸ್ತಕದ ಮೊದಲ ಪಾಠ ಬಿಡಿಸಿಕೊಳ್ಳಲು ಪಟ್ಟ ಪಾಡು ನನಗೇ ಗೊತ್ತು. ಇವತ್ತಿನಿಂದಲೇ ದಿನಕ್ಕೊಂದು ಪುಟ ಓದಲು ಶುರು ಮಾಡು.

ಇನ್ನು ಏಜೆಂಟ್‌ಗಳು. ಪೆನ್ಷನ್ ದುಡ್ಡು ಬಂದಿದೆ ಅಂತ ಗೊತ್ತಾದರೆ ಹುಡುಕಿಕೊಂಡು ಬರುತ್ತಾರೆ. ಕ್ಲಾಸಿಗೆ ಬರೋದೇ ಬೇಡ ಸರ್, ಪರೀಕ್ಷೆಗೆ ಬನ್ನಿ ಸಾಕು ಅಂತ ಯಾರಾದರೂ ಅಂದರೆ ಚಹಾ ಕುಡಿಸಿ ಕಳಿಸು. ಆಸ್ಪತ್ರೆಯ ಪೋಸ್ಟಿಂಗ್ ಪೂರ್ತಿ ಆಗದೆ ಕೋರ್ಸ್ ಮುಗಿಯುವುದಿಲ್ಲ, ತಪ್ಪಿದ ದಿನಗಳನ್ನು ತುಂಬಿಕೊಡಲೇಬೇಕು. ಕಾಲೇಜಿಗೆ ಕೌನ್ಸಿಲ್ ಮಾನ್ಯತೆ ಇದೆಯಾ ಅಂತ ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡ.

ಕೆಲಸದ ಮಾತು. ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಎಲ್ಲರೂ ಮೇಡಂಗಳೇ, ನಿನಗೆ ಗೊತ್ತು. ಹೊರಗೆ ಏಮ್ಸ್‌ನಲ್ಲೂ ನರ್ಸಿಂಗ್ ಆಫೀಸರ್ ಹುದ್ದೆ ನೂರಕ್ಕೆ 80 ಹೆಂಗಸರಿಗೆ, 20 ಗಂಡಸರಿಗೆ. ಜಿಎನ್‌ಎಂ ಮಾಡಿದವರಿಗೆ ಕನಿಷ್ಠ 50 ಬೆಡ್‌ನ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವವೂ ಬೇಕು. ಆದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗಳಲ್ಲಿ ಕಾಂಟ್ರಾಕ್ಟ್ ಮೇಲೆ ನರ್ಸ್‌ಗಳನ್ನು ತಗೊಳ್ಳುವಾಗ ಮಾಜಿ ಸೈನಿಕರಿಗೆ ಆದ್ಯತೆ ಇದೆ. ಅಲ್ಲಿ ಬರುವ ಮುದುಕ ಹವಾಲ್ದಾರರ ಭಾಷೆ ನನಗಿಂತ ನಿನಗೇ ಚೆನ್ನಾಗಿ ಅರ್ಥವಾಗುತ್ತದೆ.

ಬೆಳಗಾವಿಗೆ ಹೋದಾಗ ಸೈನಿಕ ಕಲ್ಯಾಣ ಕಚೇರಿಯಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿಕೋ. ಡಿಸ್ಚಾರ್ಜ್ ಬುಕ್ ಜೆರಾಕ್ಸ್ ಇಟ್ಟುಕೋ. ಪಿಯು ಕಾಲೇಜಿನಲ್ಲಿ ಟಿಸಿ ಹಾಗೇ ಬಿದ್ದಿದ್ದರೆ ಈ ವಾರವೇ ತಗೋ, ಹಳೇ ರಿಜಿಸ್ಟರ್ ಹುಡುಕಲು ಅವರು ಸತಾಯಿಸಬಹುದು. ಮಾರ್ಕ್ಸ್ ಕಾರ್ಡ್ ಫೋಟೋ ವಾಟ್ಸಾಪ್ ಮಾಡು, ಇಂಗ್ಲಿಷ್ ಮಾರ್ಕ್ಸ್ ಕಾಣುವ ಹಾಗೆ. ನನಗೆ ಈ ವಾರ ನೈಟ್ ಡ್ಯೂಟಿ, ಸಂಜೆ ಐದರ ಮೇಲೆ ಫೋನ್ ಮಾಡು. ವೈನಿ ಏನಂದರು ಅಂತ ನೀನು ಹೇಳಲೇ ಇಲ್ಲ. ಅವರಿಗೂ ಫೋನ್ ಕೊಡು, ನಾನೂ ಮಾತಾಡ್ತೀನಿ.

ನಿನ್ನ ದೋಸ್ತ