ಏಕಾದಶಿಯ ದಿನ ಒಂದು ಲೋಟ ಸಕ್ಕರೆ ನೀರು

ಪ್ರೀತಿಯ ಮಾರಾಯ,

ಏಕಾದಶಿ ಉಪವಾಸದ ಬಗ್ಗೆ ನೀನು ಕಳಿಸಿದ ವಾಟ್ಸಾಪ್ ವೀಡಿಯೋ ನೋಡಿದೆ. ಅದರ ಹಿಂದೆಯೇ ಬಂದ ನಾಲ್ಕು ನಿಮಿಷದ ವಾಯ್ಸ್ ಮೆಸೇಜನ್ನು ಎರಡು ಸಲ ಕೇಳಿದೆ. ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಇಲ್ಲಿ ಉಡುಪಿಯಲ್ಲಿ ಆಟಿಯ ಮಳೆ ಹೊಡೆಯುವ ರಭಸಕ್ಕೆ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುವುದಿಲ್ಲ, ಕರೆಂಟೂ ಇಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಆಮೇಲೆ ಫೇಸ್‌ಬುಕ್ಕಿಗೂ ಹಾಕುತ್ತೇನೆ, ನಿನ್ನ ಹೆಸರಿಲ್ಲದೆ. ನಮ್ಮ ಕ್ಲಾಸಿನ ಅರ್ಧ ಜನರಿಗೆ ಈಗ ಇದೇ ಚಿಂತೆ.

ನಿನ್ನ ಪ್ರಶ್ನೆ ಇಷ್ಟು. ನಿನ್ನ ಅಮ್ಮ ಬೆಂಗಳೂರಿಗೆ ಬಂದು ಒಂದೂವರೆ ವರ್ಷ ಆಯ್ತು. ಬ್ಲಡ್ಡು, ಹಾರ್ಟು, ಥೈರಾಯ್ಡು ಎಲ್ಲ ಟೆಸ್ಟೂ ನಾರ್ಮಲ್. ಆದರೂ ದಿನದಿಂದ ದಿನಕ್ಕೆ ಸೋತು ಹೋಗುತ್ತಿದ್ದಾರೆ. ಊಟ ಬೇಡ, ಮಾತು ಬೇಡ. ನನ್ನ ಅಮ್ಮನಾದರೆ 76ರಲ್ಲೂ ಅಂಗಳ ಗುಡಿಸಿ, ತುಳಸಿಗೆ ನೀರೆರೆದು, ಸಂಜೆ ಭಜನೆಗೆ ನಡೆದೇ ಹೋಗುತ್ತಾಳೆ. "ಇದು ಏಕಾದಶಿ ಉಪವಾಸದ ಮಹಿಮೆಯಾ, ನನ್ನ ಅಮ್ಮನಿಗೂ ಶುರು ಮಾಡಿಸ್ಲಾ" ಅಂತ ಕೇಳಿದ್ದಿ.

ಮಾಡಿಸಬೇಡ ಮಾರಾಯ.

ಮೊದಲು ಆ ವೀಡಿಯೋದ ಕತೆ ಮುಗಿಸುವ. ಏಕಾದಶಿ ಉಪವಾಸಕ್ಕೆ ನೊಬೆಲ್ ಪ್ರಶಸ್ತಿ ಅಂತ ಅದರಲ್ಲಿ ಉಂಟಲ್ಲ, ಅದು ಜಪಾನಿನ ಯೋಶಿನೋರಿ ಓಸುಮಿ ಅವರ ವಿಷಯ. 2016ರಲ್ಲಿ ಅವರಿಗೆ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನೊಳಗಿನ ಹಳೆ ಸಾಮಾನನ್ನು ತಾನೇ ಒಡೆದು ಮತ್ತೆ ಬಳಸಿಕೊಳ್ಳುವುದು ಹೇಗೆ ಎಂದು ಅವರು ಕಂಡುಹಿಡಿದರು. ಆಟೋಫಜಿ ಅನ್ನುತ್ತಾರೆ. ಹೊಟ್ಟೆಗಿಲ್ಲದಾಗ ಕೋಶಗಳು ಆ ಕೆಲಸ ಜಾಸ್ತಿ ಮಾಡುತ್ತವೆ ಎನ್ನುವುದೂ ನಿಜ. ಆದರೆ ಅವರು ಉಪವಾಸ ಕೆಡವಿದ್ದು ಬೇಕರಿಯ ಯೀಸ್ಟನ್ನು. ಯೀಸ್ಟಿಗೆ ಶುಗರ್ ಮಾತ್ರೆ ಇಲ್ಲ, ಬಿಪಿ ಇಲ್ಲ, 76 ವರ್ಷ ಆಗುವುದೂ ಇಲ್ಲ.

ಈಗ ನಿನಗೆ ಹೇಳದೆ ಇಟ್ಟುಕೊಂಡ ಒಂದು ಸಂಗತಿ. ಹೋದ ವರ್ಷ ಪ್ರಥಮ ಏಕಾದಶಿ. ಆ ದಿನ ಮಠದಲ್ಲಿ ಮುದ್ರಾಧಾರಣೆ, ನಿನಗೆ ಗೊತ್ತಲ್ಲ, ಕಾಸಿದ ಶಂಖ ಚಕ್ರದ ಮುದ್ರೆ ಒತ್ತಿಸಿಕೊಳ್ಳಲು ಉದ್ದಕ್ಕೆ ಕ್ಯೂ. ಅಮ್ಮ ಬೆಳಿಗ್ಗೆಯೇ ಕೊಡೆ ಹಿಡಿದು ಹೋಗಿ ನಿಂತಳು. ನಿರ್ಜಲ ಉಪವಾಸ. ಆದರೆ ಶುಗರಿನ ಮಾತ್ರೆ ಮಾತ್ರ ತಪ್ಪಿಸಿರಲಿಲ್ಲ. ಡಾಕ್ಟ್ರು ತಪ್ಪಿಸಬಾರದು ಅಂದಿದ್ದಾರೆ ಎಂದು ಒಂದು ಉದ್ಧರಣೆ ತೀರ್ಥದಲ್ಲಿ ಅದನ್ನು ನುಂಗಿದ್ದಳು. ಎಡವಟ್ಟಾದದ್ದು ಅಲ್ಲೇ. ಅವಳದ್ದು ಗ್ಲಿಮೆಪಿರೈಡ್. ಆ ಮಾತ್ರೆಗೆ ಏಕಾದಶಿ ದ್ವಾದಶಿ ಗೊತ್ತಿಲ್ಲ. ಹೊಟ್ಟೆಗೆ ಅನ್ನ ಬಿದ್ದರೂ ಬೀಳದಿದ್ದರೂ ಅದು ಇನ್ಸುಲಿನ್ ಹಿಂಡಿಸುತ್ತಲೇ ಇರುತ್ತದೆ.

ಸಂಜೆ ನಾಲ್ಕು ಗಂಟೆ ಇರಬಹುದು. ನಾನು ಆಫೀಸಿನಿಂದ ಬೇಗ ಬಂದಿದ್ದೆ. ಅಮ್ಮ ಜಗಲಿಯಲ್ಲಿ ಕೂತು ಹೂಬತ್ತಿ ಮಾಡುತ್ತಿದ್ದಳು. ಹೊರಗೆ ಮಳೆ, ಒಳ್ಳೆ ಚಳಿ. ಅವಳ ರವಿಕೆ ಮಾತ್ರ ಬೆವರಿಗೆ ಒದ್ದೆ. ಎಂತಾಯ್ತಮ್ಮ ಅಂದೆ. ನನ್ನನ್ನು ನೋಡಿ ನನ್ನ ಮಾವನ ಹೆಸರು ಹಿಡಿದು ಕರೆದಳು. ಮಾವ ತೀರಿಕೊಂಡು ಇಪ್ಪತ್ತು ವರ್ಷ ಆಗಿದೆ. ಕೈ ನೋಡಿದೆ. ಬೆರಳುಗಳು ಹೊಸೆಯುತ್ತಲೇ ಇದ್ದವು, ಬೆರಳ ನಡುವೆ ಹತ್ತಿ ಇರಲಿಲ್ಲ.

ನನಗೆ ಕೈಕಾಲು ಆಡಲಿಲ್ಲ. ನನ್ನ ಹೆಂಡತಿ ಕಂಪೌಂಡಿನ ಹತ್ತಿರ ಓಡಿ ಪಕ್ಕದ ಮನೆ ಬಾಯಮ್ಮನನ್ನು ಕೂಗಿದಳು. ಬಾಯಮ್ಮನಿಗೂ ಶುಗರ್, ಹಳೆ ಅನುಭವಸ್ಥೆ. ಗ್ಲೂಕೋಮೀಟರ್ ಹಿಡಿದುಕೊಂಡೇ ಬಂದರು. ಬೆರಳಿಗೆ ಚುಚ್ಚಿ ನೋಡಿದರೆ 52. ಎಪ್ಪತ್ತಕ್ಕಿಂತ ಕೆಳಗೆ ಬಂದರೇ ಎಚ್ಚರ ಬೇಕು. ಒಂದು ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕದಡಿ ಬಾಯಿಗೆ ಹಿಡಿದರು. ಅಮ್ಮ ಹಲ್ಲು ಕಚ್ಚಿದಳು. ಮಾತು ತೊದಲುತ್ತಿತ್ತು, ಆದರೆ "ಏಕಾದಶಿ" ಅನ್ನುವ ಶಬ್ದ ಮಾತ್ರ ಸ್ಪಷ್ಟವಾಗಿ ಬಂತು.

ಬಾಯಮ್ಮ ಹೇಳಿದರು, "ಅಕ್ಕಾ, ಪಾಪ ಬಂದ್ರೆ ನನ್ನ ಲೆಕ್ಕಕ್ಕೆ ಬರ್ಲಿ. ನನಗೆ ಹೇಗೂ ಶನಿವಾರ ಇಗರ್ಜಿಗೆ, ಪಾಪ ಹೇಳಿಕೊಳ್ಳುವ ಕುಮ್ಸಾರಿಗೆ ಹೋಗ್ಲಿಕ್ಕುಂಟು. ಒಟ್ಟಿಗೇ ಹೇಳಿ ಮುಗಿಸ್ತೇನೆ. ನೀವು ಕುಡಿಯಿರಿ."

ಅಮ್ಮ ಕುಡಿದಳು. ಕಾಲು ಗಂಟೆ ಬಿಟ್ಟು ನೋಡಿದರೆ 88. ಅರ್ಧ ಗಂಟೆಗೆ ನನ್ನನ್ನು ಸರಿಯಾದ ಹೆಸರಿನಿಂದಲೇ ಬೈಯಲು ಶುರು ಮಾಡಿದಳು, ವ್ರತ ಕೆಡಿಸಿದೆ ಅಂತ.

ಡಾಕ್ಟರು ಖಂಡಿತ ಮಾಡಿ ಹೇಳಿದರು, ನಿರ್ಜಲ ಬೇಡವೇ ಬೇಡ. ಅಮ್ಮ ತಲೆ ಅಲ್ಲಾಡಿಸಿದಳು, ಮುಂದಿನ ಏಕಾದಶಿಗೆ ಕದ್ದು ಉಪವಾಸ ಮಾಡಿದಳು. ಕೊನೆಗೆ ಕೆಲಸ ಆದದ್ದು ನಮ್ಮ ಪುರೋಹಿತ ಭಟ್ರಿಂದ. ಅಜ್ಜನ ಶ್ರಾದ್ಧಕ್ಕೆ ಬಂದಿದ್ದರು. ಎಂಟು ವರ್ಷದ ಮೇಲಿನವರು, 80 ತುಂಬದವರು ಏಕಾದಶಿ ಮಾಡಬೇಕು ಅಂತ ಶಾಸ್ತ್ರ ಉಂಟು, ನನಗಿನ್ನೂ ನಾಲ್ಕು ವರ್ಷ ಬಾಕಿ ಅಂತ ಅಮ್ಮನ ವಾದ. ಭಟ್ರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, ಅದೇ ಶಾಸ್ತ್ರದಲ್ಲಿ ಇನ್ನೊಂದು ಶ್ಲೋಕ ಉಂಟಲ್ಲ ಅಮ್ಮ ಎಂದರು. ಮಹಾಭಾರತದ ಉದ್ಯೋಗಪರ್ವದ್ದು. ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಕೋರಿಕೆ, ಗುರುವಿನ ಮಾತು, ಔಷಧ, ಈ ಎಂಟರಿಂದ ವ್ರತ ಕೆಡುವುದಿಲ್ಲ. "ಔಷಧದ ಒಟ್ಟಿಗೆ ಹಾಲು, ಹಣ್ಣು. ಮೂರೂ ಪಟ್ಟಿಯಲ್ಲೇ ಉಂಟು. ಮತ್ತೆಂತ ನಿಮಗೆ?" ಈಗ ಅಮ್ಮ ಏಕಾದಶಿಗೆ ಹಾಲು, ಬಾಳೆಹಣ್ಣು ತೆಗೆದುಕೊಳ್ಳುತ್ತಾಳೆ. ಆ ದಿನದ ಮಾತ್ರೆಯ ಲೆಕ್ಕವನ್ನು ಡಾಕ್ಟರೇ ಬದಲಿಸಿ ಬರೆದುಕೊಟ್ಟಿದ್ದಾರೆ.

ಆಫೀಸಿನಲ್ಲಿ ಈ ಕತೆ ಹೇಳಿದರೆ ಮಂಗಳೂರಿನಿಂದ ಬರುವ ಬ್ಯಾರಿ ಗೆಳೆಯ ನಕ್ಕ. ಕಾಯಿಲೆಯವರು ರಂಜಾನ್ ಉಪವಾಸ ಬಿಟ್ಟು ಬೇರೆ ದಿನ ಹಿಡಿಯಬಹುದು ಅಂತ ಕುರಾನಿನಲ್ಲೇ ಉಂಟಂತೆ. ಆದರೂ ಅವನ ತಾಯಿಯದ್ದೂ ಇದೇ ಹಟ. ದೇವರು ಬಿಟ್ಟರೂ ಅಮ್ಮಂದಿರು ಬಿಡುವುದಿಲ್ಲ.

(ನನ್ನ ಏಕಾದಶಿ ಹೇಗೆ ಅಂತ ಕೇಳಬೇಡ. ಸಜ್ಜಿಗೆ, ಅವಲಕ್ಕಿ, ಬಾಳೆಹಣ್ಣಿನ ರಸಾಯನ. ಮಾಮೂಲು ದಿನಕ್ಕಿಂತ ಜಾಸ್ತಿಯೇ ಹೊಟ್ಟೆಗೆ ಹೋಗುತ್ತದೆ. ಅದನ್ನು ಮಾಡಿ ಬಡಿಸುವ ಹೆಂಡತಿಗೆ ದೇವರು ಎಷ್ಟು ಪುಣ್ಯ ಕೊಡುತ್ತಾನೋ ಗೊತ್ತಿಲ್ಲ, ಸೊಂಟನೋವಂತೂ ಕೊಟ್ಟಿದ್ದಾನೆ.)

ಹಾಗಾದರೆ ಅಮ್ಮ ಗಟ್ಟಿ ಇರುವುದು ಯಾವುದರಿಂದ? ನನಗೆ ಹೊಳೆದದ್ದು ಒಂದು ಶನಿವಾರ. ಮೊಣಕಾಲು ಊದಿಕೊಂಡು ಅಮ್ಮ ಭಜನೆಗೆ ಹೋಗಲಿಲ್ಲ. ಏಳು ಗಂಟೆಗೆ ಭಜನೆ ಶುರು. ಏಳೂಕಾಲಿಗೆ ಫೋನ್. "ಯಾಕೆ ಬರ್ಲಿಲ್ಲ?" ಏಳೂವರೆಗೆ ಇನ್ನೊಂದು. ಎಂಟೂವರೆಗೆ ಇಬ್ಬರು ಹೆಂಗಸರು ಟಾರ್ಚ್ ಹಿಡಿದು ಮನೆಗೇ ಬಂದರು, ಬಾಳೆಲೆಯಲ್ಲಿ ಕಟ್ಟಿದ ಪಂಚಕಜ್ಜಾಯ ತಗೊಂಡು. ಕಾಲು ಒತ್ತಿ ನೋಡಿದರು, ಯಾವುದೋ ಎಣ್ಣೆಯ ಹೆಸರು ಹೇಳಿದರು, ಯಾರದೋ ಸೊಸೆಯ ವಿಷಯ ಮಾತಾಡಿದರು. ಅಮ್ಮ ಅಷ್ಟು ಹೊತ್ತು ನೋವು ಅನ್ನಲೇ ಇಲ್ಲ. ಮಾರಾಯ, ನಾನು ಒಂದು ವಾರ ಕಾಣದಿದ್ದರೆ ನನಗೆ ಬರುವುದು ಬ್ಯಾಂಕಿನ ಲೋನ್ ಫೋನ್ ಮಾತ್ರ.

ಏಕಾದಶಿಯ ಆ ಗಲಾಟೆಯ ನಂತರ ನಾನು ಭಕ್ತಿ, ಒಡನಾಟ, ಆರೋಗ್ಯ ಇವುಗಳ ನಂಟಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. 148 ಅಧ್ಯಯನಗಳನ್ನು, ಅಂದರೆ ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕವನ್ನು ಒಟ್ಟು ಹಾಕಿದ ಒಂದು ವರದಿ 2010ರಲ್ಲಿ ಅಮೆರಿಕದಲ್ಲಿ ಬಂತು. ಜನರ ಒಡನಾಟ ಗಟ್ಟಿ ಇದ್ದವರು ಬದುಕಿ ಉಳಿಯುವ ಸಾಧ್ಯತೆ ಶೇಕಡ 50ರಷ್ಟು ಜಾಸ್ತಿ. 2016ರಲ್ಲಿ ಇನ್ನೊಂದು ಬಂತು, 74,534 ಹೆಂಗಸರದ್ದು, ಎಲ್ಲರೂ ನರ್ಸುಗಳು, 16 ವರ್ಷದ ಲೆಕ್ಕ. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನೆಗೆ ಹೋಗುವವರಲ್ಲಿ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ. ನಡೆಯಲು ಆಗುವವರೇ ಅಲ್ವಾ ಹೋಗುವುದು ಅಂತ ನನಗೂ ಅನಿಸಿತು. ಆ ಅಂಶವನ್ನು ಆದಷ್ಟು ಕಳೆದೇ ಲೆಕ್ಕ ಹಾಕಿದ್ದಾರೆ, ಆದರೂ ಪೂರ್ತಿ ಕಳೆಯುವುದು ಕಷ್ಟ. ನನಗೆ ಹೆಚ್ಚು ಹಿಡಿಸಿದ್ದು 2001ರ ಇಟಲಿಯದ್ದು, 23 ಜನರ ಸಣ್ಣ ಪ್ರಯೋಗ. ಜಪಸರ ಹಿಡಿದು ಲ್ಯಾಟಿನ್ನಿನಲ್ಲಿ ಮರಿಯಮ್ಮನ ಪ್ರಾರ್ಥನೆ ಹೇಳಿದರೂ, "ಓಂ ಮಣಿ ಪದ್ಮೇ ಹುಂ" ಹೇಳಿದರೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಇಳಿಯಿತಂತೆ, ಹೃದಯ ಬಡಿತದ ಏರಿಳಿತವೂ ಅದೇ ಲಯಕ್ಕೆ ಬಂತಂತೆ. ಅದನ್ನು ಓದಿದ ದಿನ ಸಂಜೆ ಬಾಯಮ್ಮನ ಮನೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಕಿಟಕಿಯಿಂದ ಕೇಳುತ್ತಾ ಗಡಿಯಾರ ಹಿಡಿದು ಕೂತೆ. ಅವರ ಉಸಿರಿನ ಲೆಕ್ಕ ಸಿಗಲಿಲ್ಲ. ನಡುವೆ ಮೊಮ್ಮಗನಿಗೆ ಎರಡು ಸಲ ಗದರಿದರು.

ಬರೀ ಹರಕೆಯಿಂದ ಗುಣ ಆಗುತ್ತದಾ ಅಂದರೆ, ಅದನ್ನೂ ಪರೀಕ್ಷೆ ಮಾಡಿದ್ದಾರೆ. ಬೈಪಾಸ್ ಆದ 1,802 ರೋಗಿಗಳ ಅಧ್ಯಯನ, 2006ರದ್ದು. ಗುರುತಿಲ್ಲದವರು ದೂರದಿಂದ ಪ್ರಾರ್ಥಿಸಿದ್ದರಿಂದ ಏನೂ ವ್ಯತ್ಯಾಸ ಆಗಲಿಲ್ಲ. ನಿನಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಅಂತ ಮೊದಲೇ ಹೇಳಿಸಿಕೊಂಡವರಿಗೆ ತೊಂದರೆ ಸ್ವಲ್ಪ ಜಾಸ್ತಿಯೇ ಆಯ್ತು. ನನಗೆ ಭಾವನ ನೆನಪಾಯಿತು. ಅವರ ಬೈಪಾಸಿನ ಹಿಂದಿನ ದಿನ ಮನೆಯವರೆಲ್ಲ ಒಬ್ಬೊಬ್ಬರಾಗಿ ಹೋಗಿ ತುಲಾಭಾರ ಹೇಳಿಕೊಂಡಿದ್ದೇವೆ, ರಂಗಪೂಜೆ ಹೇಳಿಕೊಂಡಿದ್ದೇವೆ ಅಂದೆವು. ಇಷ್ಟೆಲ್ಲ ಹರಕೆ ಹೊತ್ತಿದ್ದಾರೆ ಅಂದ್ರೆ ನಾನು ಏಳುವುದಿಲ್ಲ ಅಂತಲೇ ಲೆಕ್ಕ ಅಂತ ಅವರು ರಾತ್ರಿಯಿಡೀ ನಿದ್ದೆ ಮಾಡಲಿಲ್ಲವಂತೆ.

ಮನೆಮಂದಿ ಸುತ್ತ ಸೇರುವುದರಲ್ಲಿ ಹಾಳೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡಮ್ಮನ ಮಗ ಮೂರು ತಿಂಗಳು ಕೋಣೆಯಿಂದ ಹೊರಗೆ ಬಾರದೆ ಕೂತಿದ್ದ. ನಾವು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸಿದೆವು. ನಾಗನ ದೋಷ ಅಂತ ಕಂಡಿತು, ಕುಟುಂಬದ ಮೂಲ ನಾಗಬನ ಹುಡುಕಿದೆವು, ನಾಗನಿಗೆ ತಂಬಿಲದ ಪೂಜೆ ಮಾಡಿಸಿದೆವು. ಅವನು ಹಾಗೇ ಇದ್ದ. ಆಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದದ್ದು, ಈಗ ಕೆಲಸಕ್ಕೆ ಹೋಗುತ್ತಾನೆ. ತಂಬಿಲದ ದಿನ ಅಷ್ಟು ಜನ ನೆಂಟರು ಬಂದದ್ದು ತನಗೆ ಒಳ್ಳೆಯದೇ ಆಯ್ತು ಅಂತ ಅವನೇ ಹೇಳುತ್ತಾನೆ. ಆದರೆ ಆ ಮೂರು ತಿಂಗಳು ನಮ್ಮ ತಪ್ಪು, ನಾಗನದ್ದಲ್ಲ.

ಅದಕ್ಕೇ ನಿನಗೆ ಹೇಳುವುದು, ಎಲ್ಲ ನಾರ್ಮಲ್ ಅಂತ ಫೈಲು ಮುಚ್ಚಬೇಡ. ಊಟ, ಮಾತು ಎರಡೂ ಬೇಡ ಅಂದರೆ ಒಮ್ಮೆ ಮನಸ್ಸಿನ ಡಾಕ್ಟರಿಗೂ ತೋರಿಸು. ನಾಚಿಕೆ ಎಂತಕ್ಕೆ. ಮತ್ತೆ ನೀನೇ ಹೇಳಿದ್ದಿ, ನಿನ್ನ ಅಮ್ಮ ಇಡೀ ದಿನ ಟಿವಿಯಲ್ಲಿ ಪೂಜೆ ನೋಡುತ್ತಾರೆ ಅಂತ. ಟಿವಿ ಯಾವತ್ತಾದರೂ ಯಾಕೆ ಬರ್ಲಿಲ್ಲ ಅಂತ ಕೇಳುತ್ತದಾ? ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ನಾಲ್ಕು ಜನ ಊರಿನ ಹೆಂಗಸರು ಇರಬಹುದು, ವಿಚಾರಿಸು. ಇಲ್ಲಿ ಇದ್ದಾಗ ಶನಿವಾರದ ಭಜನೆಗೆ ಮೊದಲ ಪದ ಎತ್ತುತ್ತಿದ್ದದ್ದೇ ನಿನ್ನ ಅಮ್ಮ. ಈಗಲೂ ಆ ಕಂಬದ ಹತ್ತಿರ ಯಾರೂ ಕೂರುವುದಿಲ್ಲ. ನನ್ನ ಅಮ್ಮ ತನ್ನ ಚೀಲವನ್ನು ಅಲ್ಲಿ ಇಡುತ್ತಾಳೆ.

ನಿನ್ನ ವಾಯ್ಸ್ ಮೆಸೇಜನ್ನು ಎರಡನೇ ಸಲ ಕೇಳುವಾಗ ಅಮ್ಮ ಹಿಂದೆಯೇ ನಿಂತಿದ್ದಳು. ಕೇಳಿ ಅವಳೇ ಒಂದು ತೀರ್ಮಾನ ಮಾಡಿದ್ದಾಳೆ. ಕೃಷ್ಣಾಷ್ಟಮಿಗೆ ಒಂದು ವಾರ ಇರುವಾಗ ನಿನ್ನ ಅಮ್ಮನನ್ನು ರಾತ್ರಿ ಬಸ್ಸಿಗೆ ಕೂರಿಸು, ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿಗೆ ಬರುತ್ತೇನೆ. ಚಕ್ಕುಲಿ, ಉಂಡೆ ಮಾಡಲು ಈ ಸಲ ಜನ ಕಡಿಮೆಯಂತೆ. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವ ಮುಗಿಸಿ ಹೋಗಲಿ. ಬೆಂಗಳೂರಿನ ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಬೇಡ. ನಮ್ಮದು ಸೌರಮಾನ, ಬೇರೆ ದಿನ ಬರುವುದುಂಟು.

ಬರುವಾಗ ಅವರ ತಾಳ ತರಲು ಹೇಳಬೇಕಂತೆ. ಇಲ್ಲಿಯ ಒಂದು ಜೋಡಿಯ ದಾರ ತುಂಡಾಗಿದೆ.

ನಿನ್ನವ