ನಂಬರ್ ಇದೆ, ಮಾತಾಡೋಕೆ ಒಂದು ಕೋಣೆ ಕೊಡಿ

ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಮೂಡಿಗೆರೆ ಕಡೆಯಿಂದ ಬರೆಯುತ್ತಿದ್ದೇನೆ. ರಸ್ತೆ, ಆನೆ ಕಾಟದ ಅರ್ಜಿ ಅಲ್ಲ, ಅದಕ್ಕೆ ಬೇಕಾದಷ್ಟು ಜನ ಇದ್ದಾರೆ. ಇದು ನಮ್ಮ ವಯಸ್ಸಾದವರ ಮನಸ್ಸಿನ ವಿಷಯ.

ಮನಸ್ಸಿನ ತೊಂದರೆಗೆ ಫೋನಿನಲ್ಲೇ ಸಲಹೆ ಕೊಡುವ ಸರ್ಕಾರದ ಟೆಲಿ ಮಾನಸ್ ಒಳ್ಳೆಯ ಕೆಲಸ, ಎರಡು ಮಾತಿಲ್ಲ. 2022ರ ಅಕ್ಟೋಬರ್‌ನಿಂದ ಇದೆ, 14416ಕ್ಕೆ ಫೋನ್ ಮಾಡಿದರೆ ಪುಕ್ಕಟೆಯಾಗಿ, ಕನ್ನಡದಲ್ಲೇ, ಯಾವ ಹೊತ್ತಿನಲ್ಲಾದರೂ ಮಾತಾಡುತ್ತಾರೆ, ಬೆನ್ನಿಗೆ ನಿಮ್ಹಾನ್ಸ್ ಇದೆ. 2024ರಲ್ಲಿ ವಿಡಿಯೋ ಕರೆ ಶುರುವಾದಾಗ ಮೊದಲು ಸಿಕ್ಕ ರಾಜ್ಯಗಳಲ್ಲಿ ನಮ್ಮದೂ ಒಂದು.

ಆದರೆ ಅದು ಅಜ್ಜಿಯಂದಿರಿಗೆ ಹೇಗೆ ತಲುಪುತ್ತದೆ ಹೇಳಿ? ನಮ್ಮ ಪಕ್ಕದ ಮನೆಯ ಅಜ್ಜಿಗೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವಾಗಲೂ ಮೈಕೈ ನೋವು. ವಯಸ್ಸಾಯ್ತಲ್ಲ ಅಂತ ಮನೆಯವರು ಸುಮ್ಮನಿದ್ದರು. ಕೊನೆಗೆ ಬೆಂಗಳೂರಿನ ಮಗ ಒತ್ತಾಯ ಮಾಡಿದ್ದಕ್ಕೆ ಸೊಸೆ ಫೋನ್ ಹಚ್ಚಿದರು. ಒಳಗೆ ನೆಟ್‌ವರ್ಕ್ ಇಲ್ಲ, ಕಣದ ಹತ್ತಿರ ಬರಬೇಕು. ಅಜ್ಜಿಗೆ ಕಿವಿ ಮಂದ, ಹಾಗಾಗಿ ಸ್ಪೀಕರ್ ಹಾಕಬೇಕು. ಅಲ್ಲೇ ಕಾಫಿ ಹರಡುತ್ತಿದ್ದ ಆಳುಗಳು ಬೇರೆ. ಆ ಕಡೆಯ ಹುಡುಗಿ ಪಾಪ, ಎಷ್ಟು ಸಮಾಧಾನವಾಗಿ "ಅಮ್ಮಾ, ಮನಸ್ಸಿಗೆ ಏನಾದರೂ ಬೇಜಾರಾ?" ಅಂತ ಕೇಳಿದಳು. ಅಜ್ಜಿ ಸೊಸೆಯ ಮುಖ ನೋಡಿ "ಏನಿಲ್ಲಮ್ಮ, ಚೆನ್ನಾಗೇ ಇದೀನಿ" ಅಂದರು. ಕರೆ ಮುಗಿಯಿತು. ಸೊಸೆಯ ತಪ್ಪೂ ಅಲ್ಲ, ಅವರು ಎಲ್ಲಿಗೆ ಹೋಗಬೇಕಿತ್ತು?

ನಮ್ಮ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳು ಇ-ಸಂಜೀವಿನಿ ಅನ್ನೋ ವಿಡಿಯೋ ಕರೆಯಲ್ಲಿ ಬೇರೆ ಕಾಯಿಲೆಗೆ ಡಾಕ್ಟರನ್ನು ತೋರಿಸುತ್ತಾರಲ್ವಾ, ಅದೇ ಪರದೆ, ಅದೇ ಕೋಣೆ ವಾರಕ್ಕೆ ಒಂದು ದಿನ ಹಿರಿಯರಿಗೆ ಸಿಗಲಿ. ಬಾಗಿಲು ಹಾಕಿರಬೇಕು, ಕಿವಿಗೆ ಒಂದು ಒಳ್ಳೆ ಹೆಡ್‌ಫೋನ್ ಇರಬೇಕು, ಮನೆಯವರು ಹೊರಗೆ ಕೂರಬೇಕು. ಬಿಪಿ ನೋಡಲು ಬರುವವರು ನಿದ್ದೆ, ಊಟ ಹೇಗಿದೆ ಅಂತಲೂ ಕೇಳಿದರೆ ಯಾರನ್ನು ಕರೆತರಬೇಕು ಅಂತ ಗೊತ್ತಾಗುತ್ತದೆ. ಮರೆವು ಅಂತ ನಾವು ತಳ್ಳಿಹಾಕುವುದು ಕೆಲವು ಸಲ ಖಿನ್ನತೆಯೇ ಆಗಿರುತ್ತದೆ, ಅದಕ್ಕೆ ಔಷಧಿ ಇದೆ. ಆ ಮಾತ್ರೆಯೂ ಉಪಕೇಂದ್ರಕ್ಕೇ ಬರಲಿ. ಮಳೆಗಾಲದಲ್ಲಿ ಅದಕ್ಕಾಗಿ ಎರಡು ಬಸ್ ಹತ್ತಿ ಇಳಿಯಲು ಎಪ್ಪತ್ತು ದಾಟಿದವರಿಗೆ ಆಗುವುದಿಲ್ಲ.

ಎಲ್ಲವೂ ಫೋನಲ್ಲಿ ಆಗುತ್ತದೆ ಅಂತಲ್ಲ. ಅನ್ನ ನೀರು ಬಿಟ್ಟವರನ್ನು, ಇದ್ದಕ್ಕಿದ್ದಂತೆ ಗಲಿಬಿಲಿಯಾದವರನ್ನು ಡಾಕ್ಟರು ಮುಟ್ಟಿಯೇ ನೋಡಬೇಕು.

ಜಿಲ್ಲೆಯ ಕೆಲಸಗಳನ್ನು ನೀವು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರನ್ನು ಒಂದೇ ಪ್ರಶ್ನೆ ಕೇಳಿ: ಜಿಲ್ಲೆಯ ಎಷ್ಟು ಉಪಕೇಂದ್ರಗಳಲ್ಲಿ ಬಾಗಿಲು ಹಾಕಿಕೊಂಡು ಮಾತಾಡುವಂಥ ಕೋಣೆ ಇದೆ?