ಮಗಳಿಗೊಂದು ಪತ್ರ: ನೆಲ ದಾಟಿ ಬಿದ್ದ ಹನಿ

ಪುಟ್ಟಿ,

ನೀನು ಮಲಗಿದ ಮೇಲೆ ನೀನು ಕಂಪ್ಯೂಟರ್‌ನಲ್ಲಿ ಮಾಡುತ್ತಿರುವ ಆಟವನ್ನು ಇನ್ನೊಂದು ಸಲ ತೆರೆದೆ. ಮೇಲಿನ ಮೆಟ್ಟಿಲಿನಿಂದ ಹನಿಯನ್ನು ಏಳು ಸಲ ಬೀಳಿಸಿದೆ. ಏಳು ಸಲವೂ ನೆಲದ ಮೇಲೆ ನಿಂತಿತು.

ನಿನ್ನನ್ನು ಈ ಕೋಡಿಂಗ್ ಕ್ಯಾಂಪ್‌ಗೆ ಸೇರಿಸುವಾಗ ನನಗೆ ಅರೆಮನಸ್ಸು. ರಜೆಯಲ್ಲೂ ಪರದೆ ಮುಂದೆ ಕೂರಿಸಬೇಕಾ ಅನ್ನಿಸಿತ್ತು. ಮೊದಲ ವಾರ ನೀನು ಬ್ಲಾಕ್ ಜೋಡಿಸುವ ಮೈನ್‌ಕ್ರಾಫ್ಟ್ ಆಟದಲ್ಲಿ ದೀಪ ಹಚ್ಚಲು ಹೋದೆಯಲ್ಲ, ಅಲ್ಲಿ ತಂತಿಯ ಕೆಲಸ ಮಾಡುವ ರೆಡ್‌ಸ್ಟೋನ್ ಸಿಗ್ನಲ್ 15 ಬ್ಲಾಕ್ ಹೋಗುವಷ್ಟರಲ್ಲಿ ಒಂದೊಂದೇ ಇಳಿದು ಸತ್ತುಹೋಗುತ್ತೆ, ನಡುವೆ ಅದಕ್ಕೆ ಮತ್ತೆ ಬಲ ಕೊಡುವ ರಿಪೀಟರ್ ಇಡಬೇಕು ಅಂತ ಊಟದ ಮೇಜಿನ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದೆ. ಅವತ್ತೇ ನನ್ನ ಅನುಮಾನ ಹೋಯಿತು.

ಆದರೆ ಮಂಗಳವಾರ ನೀನು ಮುಖ ಸಪ್ಪೆ ಮಾಡಿಕೊಂಡು ಬಂದೆ. ನಿನಗೂ ಜೊತೆಯ ಹುಡುಗನಿಗೂ ಸೇರಿ ಒಂದು ಆಟ, ಒಂದೇ ಮೌಸ್. "ಕೋಡ್ ಅವನು ಮಾಡ್ತಾನಮ್ಮ, ಅವನು ಫಾಸ್ಟ್. ನಾನು ಚಿತ್ರ ಬಿಡಿಸ್ತೀನಿ" ಅಂದೆ. ನಾನು ಏನೂ ಹೇಳಲಿಲ್ಲ. ಯಾಕೆ ಅಂತ ಈಗ ಹೇಳ್ತೀನಿ.

ಕಾಲೇಜಿನ ಲ್ಯಾಬ್‌ನಲ್ಲಿ ನಮ್ಮದು ನಾಲ್ವರ ಬ್ಯಾಚ್. ಸರ್ಕ್ಯೂಟ್ ಜೋಡಿಸುವವರು ಹುಡುಗರು. ಅಕ್ಷರ ಚೆನ್ನಾಗಿದೆ ಅಂತ ರೆಕಾರ್ಡ್ ಬರೆಯುವವಳು ನಾನು. ವಿದ್ಯುತ್ ಅಲೆ ತೋರಿಸುವ ಆಸಿಲೋಸ್ಕೋಪಿನ ಗುಂಡಿಯನ್ನು ನಾನಾಗಿ ತಿರುಗಿಸಿದ್ದು ಬೆರಳೆಣಿಕೆಯಷ್ಟು ಸಲ. ಯಾರೂ ನನ್ನನ್ನು ಬೇಡ ಅನ್ನಲಿಲ್ಲ, ತಳ್ಳಲೂ ಇಲ್ಲ. ಅವರು ಫಾಸ್ಟ್ ಇದ್ದರು, ನಾನು ಪಕ್ಕಕ್ಕೆ ಸರಿದೆ. ನಿನ್ನ ಬಾಯಲ್ಲಿ ಅದೇ ಮಾತು ಕೇಳಿ ಗಂಟಲು ಕಟ್ಟಿತು.

ಚಿತ್ರ ಬಿಡಿಸೋದು ಕಡಿಮೆ ಕೆಲಸ ಅಲ್ಲ, ಇದನ್ನು ತಪ್ಪು ತಿಳಿಯಬೇಡ. ಕ್ಯಾರೊಲ್ ಶಾ ಅನ್ನುವ ಎಂಜಿನಿಯರ್ 1982ರಲ್ಲಿ ಟಿವಿಗೆ ಜೋಡಿಸಿ ಆಡುವ ಅಟಾರಿ 2600 ಯಂತ್ರಕ್ಕೆ 'ರಿವರ್ ರೇಡ್' ಅನ್ನುವ ಆಟ ಬರೆದರು. ನದಿಯ ಮೇಲೆ ವಿಮಾನ ಹಾರಿಸುವ ಆಟ. ಇಡೀ ಆಟ 4 ಕಿಲೋಬೈಟ್‌ನಲ್ಲಿ ಹಿಡಿಯಬೇಕಿತ್ತು. ಅಷ್ಟು ಉದ್ದದ ನದಿಯ ಚಿತ್ರ ಅದರಲ್ಲಿ ಎಲ್ಲಿ ಹಿಡಿಯುತ್ತೆ? ಅವರು ನದಿಯನ್ನು ಬಿಡಿಸಿ ಇಡಲೇ ಇಲ್ಲ. ಒಂದು ಲೆಕ್ಕದ ನಿಯಮ ಬರೆದರು, ವಿಮಾನ ಮುಂದೆ ಹೋದಂತೆ ಆ ನಿಯಮವೇ ದಡಗಳನ್ನು ಹುಟ್ಟಿಸುತ್ತಾ ಹೋಯಿತು. ಅಲ್ಲಿ ಚಿತ್ರ ಯಾವುದು, ಕೋಡ್ ಯಾವುದು ಹೇಳು ನೋಡೋಣ.

ಇನ್ನು ನಿನ್ನೆಯ ವಿಷಯ. ಬ್ಲಾಕ್ ಜೋಡಿಸಿ ಕೋಡ್ ಮಾಡುವ ಸ್ಕ್ರ್ಯಾಚ್‌ನಲ್ಲಿ ಹನಿ ನೆಲವನ್ನೇ ದಾಟಿ ಕೆಳಗೆ ಮಾಯವಾಗುತ್ತಿತ್ತು. ಎಲ್ಲ ಅಳಿಸಿ ಮೊದಲಿಂದ ಮಾಡೋಣ ಅಂತ ಅವನು ಅಂದಿದ್ದನಂತೆ. ನೀನು ಮನೆಗೆ ಬಂದು ಸುಮ್ಮನೆ ಬೀಳಿಸುತ್ತಾ ಕೂತೆ. ಬೀಳಿಸೋದು, ನೋಡೋದು, ಮತ್ತೆ ಬೀಳಿಸೋದು. ಹಾಲು ಆರಿ ಕೆನೆ ಕಟ್ಟಿತ್ತು. ಆಮೇಲೆ ಅಂದೆ: "ಅಮ್ಮಾ, ಕೆಳಗಿನ ಮೆಟ್ಟಿಲಿಂದ ಬಿದ್ರೆ ನಿಲ್ಲುತ್ತೆ. ಮೇಲಿನ ಮೆಟ್ಟಿಲಿಂದ ಬಿದ್ರೆ ಮಾತ್ರ ದಾಟುತ್ತೆ."

ನೀನು ವೇಗದ ಅಂಕಿಯನ್ನು ಪರದೆಯ ಮೂಲೆಗೆ ತಂದಿಟ್ಟೆ. ಸೆಕೆಂಡಿಗೆ 30 ಸಲ ವೇಗ ಒಂದೊಂದು ಹೆಚ್ಚುತ್ತೆ. ಕೆಳಗಿನ ಮೆಟ್ಟಿಲಿಂದ ಬಂದಾಗ ನೆಲದ ಹತ್ತಿರ 9, ಮೇಲಿನಿಂದ ಬಂದಾಗ 22. ಹನಿಯ ಎತ್ತರ 8 ಪಿಕ್ಸೆಲ್, ಅಂದರೆ ಪರದೆಯ ಎಂಟು ಚುಕ್ಕಿ, ನೆಲದ ಗೆರೆ 4. ಒಂದೇ ನೆಗೆತಕ್ಕೆ 22 ಪಿಕ್ಸೆಲ್ ಹಾರುವ ಹನಿ ಒಂದು ಕ್ಷಣ ಪೂರ್ತಿ ನೆಲದ ಮೇಲಿದೆ, ಮರುಕ್ಷಣ ಪೂರ್ತಿ ಕೆಳಗಿದೆ. "ನೆಲ ತಾಗಿತಾ?" ಅಂತ ಕೋಡ್ ಕೇಳಿದಾಗ ಎರಡೂ ಸಲ ಇಲ್ಲ ಅನ್ನೋದೇ ಸರಿಯುತ್ತರ! ಹನಿ ನೆಲವನ್ನು ತಾಗಲೇ ಇಲ್ಲ.

22 ಪಿಕ್ಸೆಲ್ ಒಟ್ಟಿಗೆ ಹಾರುವ ಬದಲು ಒಂದೊಂದೇ ಇಳಿದು, ಪ್ರತಿ ಸಲ ಕೇಳುವಂತೆ ನೀನೇ ಮಾಡಿದೆ. ಆಗ ಪ್ರತಿ ಪಿಕ್ಸೆಲ್‌ಗೂ ಪರದೆ ಹೊಸದಾಗಿ ಮೂಡಬೇಕಾಗಿ, ಹನಿ ಜೇನಿನಲ್ಲಿ ಇಳಿದಂತೆ ನಿಧಾನವಾಯಿತು, ನಿನಗೆ ಅಳು ಬಂತು. ಇವತ್ತು ಮಿಸ್ ಹೇಳಿಕೊಟ್ಟಂತೆ ಆ ಸಾಲುಗಳನ್ನೆಲ್ಲ ನಿನ್ನದೇ ಒಂದು ಬ್ಲಾಕ್‌ಗೆ ಸೇರಿಸಿ, ಪರದೆ ರಿಫ್ರೆಶ್ ಆಗದೆ ಓಡಲಿ ಅನ್ನುವಲ್ಲಿ ಟಿಕ್ ಹಾಕಿದ ಮೇಲೆ ಸರಿಹೋಯಿತು.

ಅದು ಎಂಜಿನಿಯರಿಂಗ್, ಪುಟ್ಟಿ. ಹನಿ ಬಿಡಿಸಿದವಳು ನೀನಾದ್ದರಿಂದ ಅದರ ಎತ್ತರ ನಿನಗೆ ಗೊತ್ತಿತ್ತು. ನೋಡುವ ತಾಳ್ಮೆಯೂ ನಿನ್ನದೇ. ಅವನು ಒಳ್ಳೆಯ ಹುಡುಗ, ಅವನ ಕೈ ಚುರುಕು, ಆ ಚುರುಕೂ ನಿಮ್ಮ ಆಟಕ್ಕೆ ಬೇಕು. ಆದರೆ ನಾಳೆ ಕೂತ ತಕ್ಷಣ ಅವನಿಗೆ ಹೇಳು: ಕಾಲು ಗಂಟೆಗೊಮ್ಮೆ ಮೌಸ್ ಕೈ ಬದಲಾಗಬೇಕು, ಒಬ್ಬರು ಮಾಡುವಾಗ ಇನ್ನೊಬ್ಬರು ನೋಡಿ ಹೇಳಬೇಕು. ಇಬ್ಬರು ಸೇರಿ ಕೋಡ್ ಬರೆಯುವ ದೊಡ್ಡವರೂ ಹೀಗೇ ಮಾಡುತ್ತಾರೆ. ಹೇಳಲು ಸಂಕೋಚವಾದರೆ ಮಿಸ್‌ಗೆ ಹೇಳು. ಸುಮ್ಮನೆ ಮಾತ್ರ ಸರಿಯಬೇಡ.

ಇನ್ನೊಂದು. ಮುಂದಿನ ಲೆವೆಲ್‌ನಲ್ಲಿ ನೆಲವೇ ಮೇಲೆ ಕೆಳಗೆ ಚಲಿಸುತ್ತೆ ಅಂದೆಯಲ್ಲ? ಹನಿ ಇಳಿಯುವಾಗ ನೆಲ ಮೇಲೆ ಬರುತ್ತಿದ್ದರೆ ಏನಾಗುತ್ತೆ? ನಾನು ಯೋಚಿಸಿದೆ, ಹೊಳೆಯಲಿಲ್ಲ. ಸಂಜೆ ಬಂದು ತೋರಿಸು.

ಚಾರ್ಜರ್ ಬ್ಯಾಗಿನಲ್ಲಿ ಇಟ್ಟಿದ್ದೀನಿ.

ಅಮ್ಮ